ಫಲೀಕರಣ ಇಬ್ಬರದು, ಪರೀಕ್ಷೆ ಮಾತ್ರ ಒಬ್ಬಳದೇ?

ಮದುವೆಯಾಗಿ ಒಂದೆರಡು ವರ್ಷ ಕಳೆದರೂ ಮಗುವಾಗದಿದ್ದರೆ ನಮ್ಮ ಮನೆಗಳಲ್ಲಿ ಮೊದಲು ಆಸ್ಪತ್ರೆಗೆ ಹೋಗುವವಳು ಸೊಸೆ. ಜೊತೆಗೆ ಅತ್ತೆಯೋ ತಾಯಿಯೋ ಇರುತ್ತಾರೆ. ಥೈರಾಯ್ಡ್, ಹಾರ್ಮೋನ್ ಎಂದು ರಕ್ತ ಪರೀಕ್ಷೆಗಳು, ಮೇಲಿಂದ ಮೇಲೆ ಸ್ಕ್ಯಾನಿಂಗ್, ಅಂಡಾಣು ಸಾಗುವ ಟ್ಯೂಬ್ ತೆರೆದಿದೆಯೇ ಎಂದು ನೋಡುವ ಎಕ್ಸ್‌ರೇ, ಕೆಲವೊಮ್ಮೆ ಅರಿವಳಿಕೆ ಕೊಟ್ಟು, ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಒಳಗೆ ನೋಡುವ ಲ್ಯಾಪರೊಸ್ಕೋಪಿ. ಫೈಲು ದಪ್ಪವಾಗುತ್ತಾ ಹೋಗುತ್ತದೆ. ಗಂಡನ ವೀರ್ಯ ಪರೀಕ್ಷೆಯ ಒಂದು ಹಾಳೆ ಆ ಫೈಲಿಗೆ ಸೇರುವುದು ಬಹಳ ತಡವಾಗಿ. ಎಷ್ಟೋ ಮನೆಗಳಲ್ಲಿ ಅದು ಸೇರುವುದೇ ಇಲ್ಲ, ಏಕೆಂದರೆ ಅದನ್ನು ಕೇಳುವುದೇ ಗಂಡಸಿಗೆ ಮಾಡುವ ಅವಮಾನ ಎಂಬ ಭಾವನೆ ಇನ್ನೂ ಗಟ್ಟಿಯಾಗಿದೆ. ಹಾಗೆ ನೋಡಿದರೆ ಆ ಪರೀಕ್ಷೆ ಅಗ್ಗದ್ದು, ನೋವಿಲ್ಲದ್ದು, ಒಂದೇ ದಿನದಲ್ಲಿ ಮುಗಿಯುವಂಥದ್ದು.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಅಂದಾಜಿನಂತೆ ಜಗತ್ತಿನ ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರು ಜೀವನದ ಯಾವುದಾದರೂ ಹಂತದಲ್ಲಿ ಬಂಜೆತನದ ಸಮಸ್ಯೆ ಎದುರಿಸುತ್ತಾರೆ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ಕೆಲವರಲ್ಲಿ ಅದೊಂದೇ ಕಾರಣ, ಉಳಿದವರಲ್ಲಿ ಇಬ್ಬರದೂ ಕೂಡಿರುತ್ತದೆ. ವೈದ್ಯರಿಗೆ ಇದು ಹೊಸ ವಿಷಯವಲ್ಲ. ಹಾಗಿದ್ದರೂ ಹೆಣ್ಣಿನ ಮೇಲಿನ ಆರೋಪ ಇನ್ನೂ ಕರಗಿಲ್ಲ. ಗರ್ಭ ಕಟ್ಟುವುದರ ಬಗ್ಗೆ ನಮ್ಮ ತಲೆಯಲ್ಲಿ ಕೂತಿರುವ ಚಿತ್ರವೇ ತಪ್ಪಾಗಿರುವುದು ಇದಕ್ಕೆ ಒಂದು ದೊಡ್ಡ ಕಾರಣ ಎಂದು ನನಗನ್ನಿಸುತ್ತದೆ.

ಆ ಚಿತ್ರ ಹಳೆಯದು. ಬೀಜ ಗಂಡಿನದು, ಕ್ಷೇತ್ರ ಹೆಣ್ಣಿನದು ಎಂದು ನಮ್ಮ ಧರ್ಮಶಾಸ್ತ್ರಗಳು ಹೇಳಿದವು. ಬಿತ್ತಿದ್ದು ಮೊಳೆಯದಿದ್ದರೆ ಹೊಲವನ್ನೇ ಬೈಯುವುದು ಈ ಲೆಕ್ಕದಲ್ಲಿ ಸಹಜ. ಯುರೋಪಿನಲ್ಲೂ ಇದೇ ಯೋಚನೆ ಬೇರೆ ವೇಷದಲ್ಲಿತ್ತು. 1677ರಲ್ಲಿ ಡಚ್ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತಾನೇ ಮಾಡಿದ ಸೂಕ್ಷ್ಮದರ್ಶಕದಲ್ಲಿ ವೀರ್ಯಾಣುಗಳನ್ನು ಕಂಡ. 1694ರಲ್ಲಿ ಹಾರ್ಟ್‌ಸೂಕರ್ ಎಂಬವನು ವೀರ್ಯಾಣುವಿನ ತಲೆಯೊಳಗೆ ಮುದುಡಿ ಕುಳಿತ ಪುಟ್ಟ ಮನುಷ್ಯನ ಚಿತ್ರ ಬರೆದ. ಮಗು ಪೂರ್ತಿ ತಯಾರಾಗಿ ಗಂಡಸಿನಲ್ಲೇ ಇದೆ, ಹೆಂಗಸು ಜಾಗ ಮತ್ತು ಆಹಾರ ಕೊಟ್ಟರೆ ಸಾಕು ಎಂಬುದು ಅದರ ಅರ್ಥ. ಸಸ್ತನಿಗಳ ಹೆಣ್ಣಿನಲ್ಲೂ ಅಂಡಾಣು ಇದೆ ಎಂದು ಕಾರ್ಲ್ ಎರ್ನ್ಸ್ಟ್ ವಾನ್ ಬೇರ್ ಕಣ್ಣಾರೆ ನೋಡಿ ಹೇಳಿದ್ದು 1827ರಲ್ಲಿ. ಅಂಡಾಣುವಿನ ಕೋಶಕೇಂದ್ರ ಮತ್ತು ವೀರ್ಯಾಣುವಿನ ಕೋಶಕೇಂದ್ರ ಒಂದಾಗುವುದನ್ನು ಆಸ್ಕರ್ ಹರ್ಟ್‌ವಿಗ್ ಕಡಲಚಿಳ್ಳೆ ಎಂಬ ಮುಳ್ಳುಜೀವಿಯಲ್ಲಿ ನೋಡಿದ್ದು 1876ರ ಸುಮಾರಿಗೆ. ಮಗುವಿನ ಹುಟ್ಟಿನಲ್ಲಿ ತಂದೆತಾಯಿಯ ಪಾಲು ಸಮ ಎಂಬ ತಿಳಿವಳಿಕೆಗೆ ಇನ್ನೂ ಇನ್ನೂರು ವರ್ಷವೂ ತುಂಬಿಲ್ಲ. ಜಾಗ, ಪೋಷಣೆ, ಮೊದಲ ದಿನಗಳ ಸಾಮಗ್ರಿ ಎಲ್ಲವನ್ನೂ ಸೇರಿಸಿದರೆ ತಾಯಿಯ ಪಾಲೇ ಹೆಚ್ಚು.

ಈಗಿನ ಪಾಠಗಳಲ್ಲಿ ಹೊಲದ ಮಾತು ಹೋಗಿ ಓಟದ ಮಾತು ಬಂದಿದೆ. ಕೋಟಿಗಟ್ಟಲೆ ವೀರ್ಯಾಣುಗಳು ಓಡುತ್ತವೆ, ಎಲ್ಲರಿಗಿಂತ ಮೊದಲು ಮುಟ್ಟಿದ ಬಲಶಾಲಿ ಗೆಲ್ಲುತ್ತಾನೆ, ಅಂಡಾಣು ಸುಮ್ಮನೆ ಕಾಯುತ್ತಾಳೆ. ವಿಡಿಯೊಗಳಲ್ಲಿ, ಪ್ರೇರಣೆಯ ಭಾಷಣಗಳಲ್ಲಿ ಎಲ್ಲ ಕಡೆ ಇದೇ ಕಥೆ. ದೇಹದೊಳಗೆ ನಡೆಯುವುದು ಹೀಗಲ್ಲ.

ಅಂಡಾಣುವಿನ ಕಥೆ ಆ ಹೆಂಗಸು ಹುಟ್ಟುವುದಕ್ಕೂ ಮೊದಲೇ ಶುರುವಾಗುತ್ತದೆ. ಹೆಣ್ಣು ಭ್ರೂಣ ತಾಯಿಯ ಹೊಟ್ಟೆಯಲ್ಲಿ ಸುಮಾರು ಇಪ್ಪತ್ತು ವಾರದ್ದಾಗಿರುವಾಗ ಅದರ ಅಂಡಾಶಯಗಳಲ್ಲಿ 60ರಿಂದ 70 ಲಕ್ಷ ಅಂಡಕೋಶಗಳಿರುತ್ತವೆ. ಹುಟ್ಟುವ ಹೊತ್ತಿಗೆ 10ರಿಂದ 20 ಲಕ್ಷ, ಮೈನೆರೆಯುವ ಹೊತ್ತಿಗೆ ಮೂರು-ನಾಲ್ಕು ಲಕ್ಷ. ಇಡೀ ಬಾಳಿನಲ್ಲಿ ಬಲಿತು ಹೊರಬರುವುದು ನಾನೂರೋ ಐನೂರೋ ಅಷ್ಟೆ. ಪ್ರತಿಯೊಂದು ಅಂಡಕೋಶವೂ ಆನುವಂಶಿಕ ಗುಣಗಳನ್ನು ಹೊತ್ತ ತನ್ನ ವರ್ಣತಂತುಗಳನ್ನು ಅರ್ಧ ಮಾಡಿಕೊಳ್ಳುವ ವಿಭಜನೆಯನ್ನು ಹುಟ್ಟುವ ಮೊದಲೇ ಆರಂಭಿಸಿ, ಮಧ್ಯದಲ್ಲಿ ನಿಲ್ಲಿಸಿಬಿಡುತ್ತದೆ. ಮೂವತ್ತೈದನೆಯ ವಯಸ್ಸಿನಲ್ಲಿ ಬಿಡುಗಡೆಯಾಗುವ ಅಂಡಾಣು ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಆ ನಿಲುಗಡೆಯಲ್ಲೇ ಇದ್ದದ್ದು. ವಯಸ್ಸಾದಂತೆ ವರ್ಣತಂತುಗಳ ಹಂಚಿಕೆ ತಪ್ಪುವುದಕ್ಕೆ ಈ ದೀರ್ಘ ಕಾಯುವಿಕೆಯೇ ಮುಖ್ಯ ಕಾರಣ.

ಪ್ರತಿ ಮುಟ್ಟಿನ ಚಕ್ರದಲ್ಲಿ ಕೆಲವು ಅಂಡಕೋಶಗಳು ಬೆಳೆಯತೊಡಗಿ, ಸಾಮಾನ್ಯವಾಗಿ ಒಂದು ಮಾತ್ರ ಮುಂದೆ ಹೋಗುತ್ತದೆ. ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಎಂಬ ಹಾರ್ಮೋನ್ ಒಮ್ಮೆಲೇ ಉಕ್ಕುತ್ತದೆ. ಅದಾಗಿ ಸುಮಾರು 36 ಗಂಟೆಗೆ ಅಂಡಾಣು ಅಂಡಾಶಯದಿಂದ ಹೊರಬೀಳುತ್ತದೆ. ಅಂಡನಾಳದ ತುದಿಯ ಬೆರಳಿನಂಥ ಅಂಚುಗಳು ಅದನ್ನು ಒಳಗೆ ಎಳೆದುಕೊಳ್ಳುತ್ತವೆ. ಸುಮಾರು ಹತ್ತು-ಹನ್ನೆರಡು ಸೆಂಟಿಮೀಟರ್ ಉದ್ದದ ಆ ನಾಳದ ಅಗಲವಾದ ಹೊರಭಾಗದಲ್ಲಿ, ಅಂಪುಲ್ಲಾ ಎಂಬಲ್ಲಿ, ಫಲೀಕರಣ ನಡೆಯಬೇಕು. ಗರ್ಭಕೋಶದಲ್ಲಿ ನಡೆಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ; ಗರ್ಭಕೋಶ ಬರುವುದು ಆಮೇಲೆ. ಬಿಡುಗಡೆಯಾದ ಅಂಡಾಣುವಿನ ಆಯಸ್ಸು 12ರಿಂದ 24 ಗಂಟೆ.

ಗಂಡಸಿನ ಕಡೆಯ ಲೆಕ್ಕವೇ ಬೇರೆ. ವೃಷಣದಲ್ಲಿ ಒಂದು ವೀರ್ಯಾಣು ಪೂರ್ತಿ ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕು. ಆಮೇಲೆ ಎಪಿಡಿಡೈಮಿಸ್ ಎಂಬ ಸುರುಳಿ ನಾಳದಲ್ಲಿ ಒಂದೆರಡು ವಾರ ಮಾಗಿ ಈಜುವ ಶಕ್ತಿ ಪಡೆಯುತ್ತದೆ. ವೃಷಣಗಳು ದೇಹದ ಹೊರಗೆ ತೂಗುವುದೇ ಮೈಶಾಖಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ಕಡಿಮೆ ಬಿಸಿ ಬೇಕಾದ್ದರಿಂದ. ಕುಲುಮೆ, ಬಾಯ್ಲರ್, ಹೋಟೆಲಿನ ಒಲೆಯ ಮುಂದೆ ದಿನವಿಡೀ ನಿಲ್ಲುವವರು, ಗಂಟೆಗಟ್ಟಲೆ ಬಿಸಿ ಎಂಜಿನ್ನಿನ ಪಕ್ಕ ಕೂತು ಗಾಡಿ ಓಡಿಸುವವರು ಇದನ್ನು ತಿಳಿದಿರಬೇಕು. ಜೋರು ಜ್ವರ ಬಂದು ಹೋದರೂ ಅದರ ಪರಿಣಾಮ ಎರಡು-ಮೂರು ತಿಂಗಳ ನಂತರದ ವರದಿಯಲ್ಲಿ ಕಾಣಬಹುದು. ತಂಬಾಕು, ಅತಿಯಾದ ಮದ್ಯ, ಜಿಮ್ಮಿನಲ್ಲಿ ಯಾರೋ ಕೊಟ್ಟ, ಟೆಸ್ಟೊಸ್ಟೆರಾನ್ ಎಂಬ ಗಂಡು ಹಾರ್ಮೋನಿನ ಇಂಜೆಕ್ಷನ್ನು ಕೂಡ ಈ ಪಟ್ಟಿಯಲ್ಲಿವೆ. ಕೊನೆಯದನ್ನು ಒತ್ತಿ ಹೇಳಬೇಕು. ಹೊರಗಿನಿಂದ ಆ ಹಾರ್ಮೋನ್ ಸಿಕ್ಕರೆ ಪಿಟ್ಯುಟರಿ ತನ್ನ ಆಜ್ಞೆಗಳನ್ನು ನಿಲ್ಲಿಸುತ್ತದೆ, ವೃಷಣ ವೀರ್ಯಾಣು ಮಾಡುವುದನ್ನೇ ಬಿಡಬಹುದು. ಮೈಕಟ್ಟು ಬಂದಿರುತ್ತದೆ, ವರದಿಯಲ್ಲಿ ಸೊನ್ನೆ ಇರುತ್ತದೆ.

ಒಂದು ಸಲದ ವೀರ್ಯದಲ್ಲಿ ಹಲವು ಕೋಟಿ ವೀರ್ಯಾಣುಗಳಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಕೈಪಿಡಿಯಂತೆ, ಸಹಜವಾಗಿ ತಂದೆಯಾದವರಲ್ಲಿ ಕಂಡ ಕೆಳಮಟ್ಟದ ಅಳತೆ ಪ್ರತಿ ಮಿಲಿಲೀಟರಿಗೆ 1.6 ಕೋಟಿ, ಒಟ್ಟು 3.9 ಕೋಟಿ. ಅವುಗಳಲ್ಲಿ 42 ಶೇಕಡಾ ಚಲಿಸುತ್ತಿರಬೇಕು, 30 ಶೇಕಡಾ ಮುಂದಕ್ಕೆ ಈಜುತ್ತಿರಬೇಕು. ಆಕಾರ ಸರಿಯಿರುವವು 4 ಶೇಕಡಾ ಇದ್ದರೂ ಸಾಕು. ವರದಿಯಲ್ಲಿ 96 ಶೇಕಡಾ ಅಸಹಜ ಎಂದು ಓದಿ ಕಂಗಾಲಾಗುವವರಿಗೆ ಈ ಕೊನೆಯ ಅಂಕಿ ಗೊತ್ತಿದ್ದರೆ ಒಳ್ಳೆಯದು. ಇದಕ್ಕಿಂತ ಕಡಿಮೆ ಇದ್ದವರಿಗೂ ಮಕ್ಕಳಾಗಿವೆ, ಹೆಚ್ಚಿದ್ದೂ ಆಗದವರಿದ್ದಾರೆ. ಆ ಗೆರೆ ಸಾಧ್ಯತೆಯ ಸೂಚನೆಯೇ ಹೊರತು ತೀರ್ಪಲ್ಲ.

ಇಷ್ಟು ಕೋಟಿಗಳಲ್ಲಿ ಅಂಡಾಣುವಿನ ಸಮೀಪಕ್ಕೆ ತಲುಪುವವು ಕೆಲವು ನೂರು ಮಾತ್ರ. ನಡುವಿನ ದಾರಿಯೆಲ್ಲ ಹೆಣ್ಣಿನ ದೇಹದ ಹಿಡಿತದಲ್ಲಿದೆ. ಯೋನಿಯ ಆಮ್ಲೀಯತೆಯಲ್ಲಿ ಬಹುಪಾಲು ಸಾಯುತ್ತವೆ. ಗರ್ಭಕಂಠದ ಲೋಳೆ ತಿಂಗಳ ಬಹುತೇಕ ದಿನ ಗಟ್ಟಿಯಾಗಿದ್ದು ದಾರಿ ಮುಚ್ಚಿರುತ್ತದೆ. ಅಂಡ ಬಿಡುಗಡೆಯ ಹಿಂದಿನ ದಿನಗಳಲ್ಲಿ ಮಾತ್ರ ಅದು ನೀರಾಗಿ, ಎಳೆಯೆಳೆಯಾಗಿ, ಒಳಬಿಡುತ್ತದೆ. ಗರ್ಭಕೋಶದ ಸ್ನಾಯುಗಳು ಸಣ್ಣಗೆ ಸಂಕೋಚಿಸಿ ವೀರ್ಯಾಣುಗಳನ್ನು ಮೇಲಕ್ಕೆ ಸಾಗಿಸುತ್ತವೆ. ಅವು ಇಡೀ ದೂರವನ್ನು ತಾವೇ ಈಜಿ ಕ್ರಮಿಸುವುದಿಲ್ಲ. ಅಂಡನಾಳದ ಒಳಗೋಡೆಗೆ ಅಂಟಿಕೊಂಡು ದಿನಗಟ್ಟಲೆ ಜೀವ ಹಿಡಿದಿರುವುದೂ ಉಂಟು, ಐದು ದಿನದವರೆಗೆ.

ಓಟದ ಕಥೆ ಪೂರ್ತಿ ಕುಸಿಯುವುದು ಇಲ್ಲಿ. ಆಗತಾನೆ ಒಳಬಂದ ವೀರ್ಯಾಣುವಿಗೆ ಅಂಡಾಣುವಿನೊಂದಿಗೆ ಕೂಡುವ ಸಾಮರ್ಥ್ಯವೇ ಇರುವುದಿಲ್ಲ. ಸಂಭೋಗವಾದ ಕೆಲವೇ ನಿಮಿಷಗಳಲ್ಲಿ ಅಂಡನಾಳದಲ್ಲಿ ಕಾಣಿಸಿಕೊಂಡ ವೀರ್ಯಾಣುಗಳೂ ಇವೆ, ಅವುಗಳಿಂದ ಏನೂ ಆಗುವುದಿಲ್ಲ. ಹೆಣ್ಣಿನ ಜನನಾಂಗದ ದ್ರವಗಳಲ್ಲಿ ಕೆಲವು ಗಂಟೆ ಕಳೆದ ಮೇಲೆ ವೀರ್ಯಾಣುವಿನ ಹೊರಪೊರೆಯಿಂದ ಕೊಲೆಸ್ಟರಾಲ್ ಕಳಚಿ, ಪೊರೆ ಸಡಿಲವಾಗಿ, ಬಾಲದ ಬಡಿತ ಬದಲಾಗಿ ಅದು ಸಜ್ಜಾಗುತ್ತದೆ. 1951ರಲ್ಲಿ ಅಮೆರಿಕದಲ್ಲಿ ಎಂ.ಸಿ. ಚಾಂಗ್, ಆಸ್ಟ್ರೇಲಿಯಾದಲ್ಲಿ ಕಾಲಿನ್ ಆಸ್ಟಿನ್ ಪರಸ್ಪರ ಸಂಪರ್ಕವಿಲ್ಲದೆ ಇದನ್ನು ಕಂಡುಹಿಡಿದರು. ಅಲ್ಲಿಯವರೆಗೆ ಗಾಜಿನ ತಟ್ಟೆಯಲ್ಲಿ ಫಲೀಕರಣ ಮಾಡಲು ಹೊರಟವರೆಲ್ಲ ಸೋಲುತ್ತಿದ್ದುದರ ಕಾರಣ ಆಗ ತಿಳಿಯಿತು. ಮೊದಲು ತಲುಪಿದವರಿಗಿಂತ ಸರಿಯಾದ ಹೊತ್ತಿಗೆ ಸಜ್ಜಾಗಿ ಅಲ್ಲಿರುವವರಿಗೆ ಅವಕಾಶ. ಆ ಸಜ್ಜುಗೊಳಿಸುವ ಕೆಲಸ ಮಾಡುವುದು ತಾಯಿಯ ದೇಹ.

ಅಂಡಾಣು ಕೂಡ ಸುಮ್ಮನೆ ಕೂತಿರುವುದಿಲ್ಲ. ಅದನ್ನು ಸುತ್ತುವರಿದ ಕೋಶಗಳು ಪ್ರೊಜೆಸ್ಟೆರಾನ್ ಎಂಬ ಹಾರ್ಮೋನ್ ಸೂಸುತ್ತವೆ. ವೀರ್ಯಾಣುವಿನ ಬಾಲದಲ್ಲಿರುವ ಕ್ಯಾಲ್ಸಿಯಂ ದ್ವಾರಗಳು ಅದಕ್ಕೆ ತೆರೆದುಕೊಂಡು ಬಡಿತ ಜೋರಾಗುತ್ತದೆ. ಅಂಡಕೋಶದ ಸುತ್ತಲಿನ ದ್ರವ ಕೆಲವು ಗಂಡಸರ ವೀರ್ಯಾಣುಗಳನ್ನು ಬೇರೆಯವರದಕ್ಕಿಂತ ಹೆಚ್ಚು ಸೆಳೆಯುತ್ತದೆ ಎಂದು 2020ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. ಹಾಗೆ ಹೆಚ್ಚು ಸೆಳೆಯಲ್ಪಟ್ಟದ್ದು ಯಾವಾಗಲೂ ಆಕೆಯ ಸಂಗಾತಿಯದೇ ಆಗಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಭೇಟಿಯ ಕ್ಷಣ ಹಲವು ಬಾಗಿಲುಗಳ ಸರಣಿ. ಅಂಡಾಣುವಿನ ಸುತ್ತ ಮೋಡದಂತೆ ಕವಿದ ಕೋಶಗಳ ಪದರ, ಅದರೊಳಗೆ ಜೋನಾ ಪೆಲ್ಲುಸಿಡಾ ಎಂಬ ಪಾರದರ್ಶಕ ಹೊದಿಕೆ, ಅದರೊಳಗೆ ಅಂಡಾಣುವಿನ ಸ್ವಂತ ಪೊರೆ. ವೀರ್ಯಾಣುವಿನ ತಲೆಯ ಮೇಲಿನ ಟೋಪಿಯಂಥ ಚೀಲ ಒಡೆದು ಕಿಣ್ವಗಳು ಹೊರಬರುತ್ತವೆ, ಹೊಸ ಮೇಲ್ಮೈ ತೆರೆದುಕೊಳ್ಳುತ್ತದೆ. ಬಾಲದ ಬಲ ಮತ್ತು ಕಿಣ್ವ ಎರಡೂ ಕೂಡಿ ಅದು ಹೊದಿಕೆಯನ್ನು ದಾಟುತ್ತದೆ. ಆಮೇಲೆ ಎರಡು ಪೊರೆಗಳು ಒಂದನ್ನೊಂದು ಗುರುತಿಸಬೇಕು. ಈ ಗುರುತಿನ ಗುಟ್ಟು ಬಹುಕಾಲ ಸಿಕ್ಕಿರಲಿಲ್ಲ. 2005ರಲ್ಲಿ ಜಪಾನಿನ ಒಸಾಕಾ ವಿಶ್ವವಿದ್ಯಾಲಯದಲ್ಲಿ ಮಸಾರು ಒಕಾಬೆ ಅವರ ತಂಡ ವೀರ್ಯಾಣುವಿನ ಮೇಲಿರುವ ಒಂದು ಪ್ರೋಟೀನನ್ನು ಕಂಡು, ಮದುವೆಯ ಹರಕೆಗೆ ಹೆಸರಾದ ಆ ದೇಶದ ದೇಗುಲವೊಂದರ ಹೆಸರನ್ನೇ ಇಟ್ಟು ‘ಇಝುಮೊ’ ಎಂದು ಕರೆಯಿತು. ಅದಕ್ಕೆ ಜೋಡಿಯಾಗುವ ಅಂಡಾಣುವಿನ ಪ್ರೋಟೀನು ಸಿಗಲು ಇನ್ನೂ ಒಂಬತ್ತು ವರ್ಷ ಬೇಕಾಯಿತು. 2014ರಲ್ಲಿ ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯಲ್ಲಿ ಗ್ಯಾವಿನ್ ರೈಟ್ ಅವರ ತಂಡ ಅದನ್ನು ಹುಡುಕಿ, ರೋಮನ್ನರ ವಿವಾಹದೇವತೆ ‘ಜೂನೊ’ ಹೆಸರು ಕೊಟ್ಟಿತು. ಇಝುಮೊ ಇಲ್ಲದ ಗಂಡು ಇಲಿ, ಜೂನೊ ಇಲ್ಲದ ಹೆಣ್ಣು ಇಲಿ, ಎರಡೂ ಮೇಲ್ನೋಟಕ್ಕೆ ಆರೋಗ್ಯವಾಗಿಯೇ ಇದ್ದವು. ಮರಿ ಮಾತ್ರ ಆಗಲಿಲ್ಲ. ಎಲ್ಲ ಪರೀಕ್ಷೆಗಳೂ ಸರಿಯಿದ್ದು ಮಗುವಾಗದ ದಂಪತಿಗಳಿಗೆ ‘ಕಾರಣ ತಿಳಿಯದು’ ಎಂದು ಬರೆದುಕೊಡುವುದುಂಟು. ಅಂಥವರಲ್ಲಿ ಕೆಲವರ ತೊಡಕು ಈ ಮಟ್ಟದಲ್ಲಿರಬಹುದು. ಸಾಮಾನ್ಯ ಲ್ಯಾಬಿನ ಪರೀಕ್ಷೆಗೆ ಅದು ಸಿಗುವುದಿಲ್ಲ.

ವೀರ್ಯಾಣು ತನ್ನೊಂದಿಗೆ ಒಂದು ವಿಶೇಷ ಕಿಣ್ವ ತರುತ್ತದೆ. ಅದು ಅಂಡಾಣುವಿನೊಳಗೆ ಸೇರಿದೊಡನೆ ಕ್ಯಾಲ್ಸಿಯಂ ಅಲೆಗಳು ಮತ್ತೆ ಮತ್ತೆ, ಗಂಟೆಗಟ್ಟಲೆ ಏಳುತ್ತವೆ. ಇಷ್ಟು ವರ್ಷ ತಡೆದಿಟ್ಟಿದ್ದ ವಿಭಜನೆಯನ್ನು ಅಂಡಾಣು ಮುಗಿಸುವುದು ಆಗಲೇ. ಪೊರೆಯ ಅಡಿಯಲ್ಲಿದ್ದ ಸಣ್ಣ ಚೀಲಗಳು ಒಡೆದು ಹೊರಹೊದಿಕೆಯನ್ನು ಗಟ್ಟಿಗೊಳಿಸುತ್ತವೆ, ಜೂನೊ ಕೂಡ ಪೊರೆಯಿಂದ ಕಳಚಿಹೋಗುತ್ತದೆ. ಎರಡನೆಯ ವೀರ್ಯಾಣುವಿಗೆ ದಾರಿ ಮುಚ್ಚಿತು. ಇದೇ ಹೊತ್ತಿಗೆ ಅಂಡಾಣು ಕೋಟ್ಯಂತರ ಸತುವಿನ ಅಯಾನುಗಳನ್ನು ಹೊರಹಾಕುತ್ತದೆ. ‘ಜೀವ ಹುಟ್ಟುವಾಗ ಬೆಳಕು ಮಿಂಚುತ್ತದೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ವಿಡಿಯೊ ಇದರದ್ದೇ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು 2016ರಲ್ಲಿ ಮಾನವ ಅಂಡಾಣುಗಳಲ್ಲಿ ಇದನ್ನು ದಾಖಲಿಸಿದ್ದು ನಿಜ. ಆದರೆ ಕಾಣುವ ಬೆಳಕು ಸತುವನ್ನು ಗುರುತಿಸಲು ಬಳಸಿದ ಹೊಳೆಯುವ ರಾಸಾಯನಿಕದ್ದು. ಆ ಪ್ರಯೋಗದಲ್ಲಿ ವೀರ್ಯಾಣುವನ್ನೇ ಬಳಸಿರಲಿಲ್ಲ, ಅಂಡಾಣುವನ್ನು ಬೇರೆ ವಿಧಾನದಿಂದ ಎಚ್ಚರಿಸಿದ್ದರು. ಸತುವಿನ ಕಥೆಯೇ ಸಾಕಷ್ಟು ಸೋಜಿಗದ್ದಾಗಿರುವಾಗ ಅದಕ್ಕೆ ಇಲ್ಲದ ಮಿಂಚು ಸೇರಿಸಬೇಕಾಗಿಲ್ಲ.

ತಾಯಿಯ 23, ತಂದೆಯ 23 ವರ್ಣತಂತುಗಳು ಮೊದಲು ಬೇರೆಬೇರೆ ಎರಡು ಕೇಂದ್ರಗಳಾಗಿ ಕಾಣುತ್ತವೆ. ವೀರ್ಯಾಣು ಸೇರಿ 16ರಿಂದ 18 ಗಂಟೆಯ ಹೊತ್ತಿಗೆ ಈ ಜೋಡಿ ಚುಕ್ಕೆಗಳನ್ನು ನೋಡಿಯೇ ಐವಿಎಫ್ (ದೇಹದ ಹೊರಗೆ ಫಲೀಕರಣ ಮಾಡಿಸುವ ವಿಧಾನ) ಲ್ಯಾಬಿನವರು ಫಲೀಕರಣವಾಗಿದೆ ಎಂದು ಬರೆದುಕೊಳ್ಳುವುದು. ಮಗು ಗಂಡೋ ಹೆಣ್ಣೋ ಎಂಬುದು ಒಳಬಂದ ವೀರ್ಯಾಣುವಿನಲ್ಲಿ ಎಕ್ಸ್ ವರ್ಣತಂತು ಇತ್ತೋ ವೈ ಇತ್ತೋ ಎಂಬುದರ ಮೇಲೆ ಆಗಲೇ ತೀರ್ಮಾನವಾಗಿರುತ್ತದೆ. ತಾಯಿಯ ಅಂಡಾಣುವಿನಲ್ಲಿ ಯಾವಾಗಲೂ ಎಕ್ಸ್ ಮಾತ್ರ. ಮೂರನೆಯದೂ ಹೆಣ್ಣಾಯಿತೆಂದು ಸೊಸೆಯನ್ನು ತವರಿಗೆ ಕಳಿಸುವ ಮನೆಗಳಿಗೆ ಈ ಒಂದು ಮಾತು ಇನ್ನೂ ತಲುಪಿಲ್ಲ. ಅದು ಪಿಯುಸಿ ಪಠ್ಯದಲ್ಲಿದೆ. ಎಷ್ಟೋ ತರಗತಿಗಳಲ್ಲಿ ಆ ಅಧ್ಯಾಯವನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಬಿಟ್ಟುಬಿಡುತ್ತಾರೆ.

ಮರುದಿನ ಮೊದಲ ವಿಭಜನೆ. ಮೂರು ದಿನಕ್ಕೆ ಎಂಟರಷ್ಟು ಕೋಶಗಳು. ಅಲ್ಲಿಯವರೆಗೆ ನಡೆಯುವುದೆಲ್ಲ ಬಹುತೇಕ ಅಂಡಾಣು ಮೊದಲೇ ಕೂಡಿಟ್ಟ ಸಾಮಗ್ರಿಯಿಂದ. ಭ್ರೂಣದ ಸ್ವಂತ ಜೀನುಗಳು ದೊಡ್ಡ ಪ್ರಮಾಣದಲ್ಲಿ ಕೆಲಸ ಶುರುಮಾಡುವುದು ನಾಲ್ಕರಿಂದ ಎಂಟು ಕೋಶದ ಹಂತದಲ್ಲಿ. ಐದಾರನೆಯ ದಿನಕ್ಕೆ ಅದು ಟೊಳ್ಳು ಚೆಂಡಿನಂತಾಗಿ, ಗರ್ಭಕೋಶ ತಲುಪಿ, ಹಳೆಯ ಹೊದಿಕೆಯನ್ನು ಬಿಟ್ಟು ಹೊರಬರಬೇಕು. ಈ ಹೊರಬರುವಿಕೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪೊಲಾನಿ ಬಿ. ಶೇಷಗಿರಿ ಅವರ ತಂಡ ಹ್ಯಾಮ್‌ಸ್ಟರ್ ಭ್ರೂಣಗಳಲ್ಲಿ ವರ್ಷಗಳ ಕಾಲ ಅಧ್ಯಯನ ಮಾಡಿದೆ. ಅಂಡ ಬಿಡುಗಡೆಯಾಗಿ ಆರರಿಂದ ಹತ್ತು ದಿನದ ಆಸುಪಾಸಿನಲ್ಲಿ ಭ್ರೂಣ ಗರ್ಭಕೋಶದ ಗೋಡೆಯಲ್ಲಿ ನೆಲೆಯೂರುತ್ತದೆ. ಮನೆಯಲ್ಲಿ ಮಾಡುವ ಕಿಟ್‌ನಲ್ಲಿ ಎರಡು ಗೆರೆ ಬರುವುದು ಅದಾದ ಮೇಲಷ್ಟೆ.

ಫಲೀಕರಣವಾದ ಎಲ್ಲವೂ ಇಲ್ಲಿಯವರೆಗೆ ಬರುವುದಿಲ್ಲ. ಅಮೆರಿಕದಲ್ಲಿ ಅಲೆನ್ ವಿಲ್ಕಾಕ್ಸ್ ಮತ್ತವರ ಸಹೋದ್ಯೋಗಿಗಳು 221 ಮಹಿಳೆಯರ ಮೂತ್ರವನ್ನು ದಿನದಿನವೂ ಪರೀಕ್ಷಿಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೆಲೆಯೂರಿದ ಗರ್ಭಗಳಲ್ಲಿ 31 ಶೇಕಡಾ ನಷ್ಟವಾಗಿದ್ದವು. ಅವುಗಳಲ್ಲಿ ಬಹುಪಾಲು ಗರ್ಭವಾಗಿದೆ ಎಂದು ಆ ಹೆಂಗಸರಿಗೆ ತಿಳಿಯುವ ಮೊದಲೇ ಹೋಗಿದ್ದವು. ಇಂಥ ಆರಂಭದ ನಷ್ಟಗಳಿಗೆ ಅತಿ ಸಾಮಾನ್ಯ ಕಾರಣ ವರ್ಣತಂತುಗಳ ಸಂಖ್ಯೆ ತಪ್ಪಿರುವುದು. ಪಪ್ಪಾಯಿ ತಿಂದದ್ದು, ಬಿಂದಿಗೆ ಎತ್ತಿದ್ದು, ಬಸ್ಸಿನಲ್ಲಿ ಕುಲುಕಿದ್ದು ಎಂದು ಹುಡುಕಿ ಹುಡುಕಿ ಹೆಣ್ಣಿನ ತಲೆಗೆ ಕಟ್ಟುವ ಕಾರಣಗಳು ಆ ಕೋಶದೊಳಗಿನ ಲೆಕ್ಕತಪ್ಪಿಗೆ ಸಂಬಂಧಿಸಿದವಲ್ಲ.

ಅದೇ ಮಹಿಳೆಯರ ದಾಖಲೆಗಳಿಂದ 1995ರಲ್ಲಿ ಬಂದ ಇನ್ನೊಂದು ಫಲಿತಾಂಶ ಮಗು ಬಯಸುವ ಎಲ್ಲರಿಗೂ ಗೊತ್ತಿರಬೇಕು. ಗರ್ಭ ಕಟ್ಟಿದ್ದೆಲ್ಲ ಆರು ದಿನಗಳ ಒಂದು ಅವಧಿಯಲ್ಲಿ ನಡೆದ ಸಂಭೋಗದಿಂದ: ಅಂಡ ಬಿಡುಗಡೆಯ ದಿನ ಮತ್ತು ಅದರ ಹಿಂದಿನ ಐದು ದಿನ. ಮರುದಿನದಿಂದ ಸಾಧ್ಯತೆ ಇಲ್ಲವಾಯಿತು. ವೀರ್ಯಾಣು ಕಾಯಬಲ್ಲದು, ಅಂಡಾಣು ಕಾಯಲಾರದು. ಮುಟ್ಟು ಶುರುವಾದ ದಿನದಿಂದ ಎಣಿಸಿ ‘ಹದಿನಾಲ್ಕನೆಯ ದಿನ’ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ. ಅದೇ ತಂಡ 2000ದಲ್ಲಿ ತೋರಿಸಿದಂತೆ, ಈ ಆರೂ ದಿನಗಳು ಹತ್ತರಿಂದ ಹದಿನೇಳನೆಯ ದಿನದೊಳಗೆ ಬೀಳುವುದು ಸುಮಾರು 30 ಶೇಕಡಾ ಮಹಿಳೆಯರಲ್ಲಿ ಮಾತ್ರ. ಮುಟ್ಟು ಹಿಂದೆಮುಂದೆ ಆಗುವವರಿಗೆ ದಿನ ಎಣಿಸುವುದಕ್ಕಿಂತ ಲೋಳೆ ನೀರಾಗುವುದನ್ನು ಗಮನಿಸುವುದೋ, ಎರಡು-ಮೂರು ದಿನಕ್ಕೊಮ್ಮೆ ಕೂಡುವುದೋ ಮೇಲು. ಆರೋಗ್ಯವಂತ ಯುವ ದಂಪತಿಗೂ ಒಂದು ಚಕ್ರದಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಸುಮಾರು 20-25 ಶೇಕಡಾ. ಒಂದು ವರ್ಷದಲ್ಲಿ ನೂರಕ್ಕೆ 85ರಷ್ಟು ಮಂದಿಗೆ ಆಗುತ್ತದೆ. ಒಂದು ವರ್ಷ ಪ್ರಯತ್ನಿಸಿದ ಮೇಲೆ ವೈದ್ಯರನ್ನು ಕಾಣಿ ಎನ್ನುವುದು ಈ ಲೆಕ್ಕದಿಂದ. ಹೆಂಗಸಿಗೆ 35 ದಾಟಿದ್ದರೆ ಆರು ತಿಂಗಳು ಸಾಕು.

ಬಾಗಿಲುಗಳು ಎಷ್ಟಿವೆಯೋ ತೊಡಕುಗಳೂ ಅಷ್ಟೇ. ಪಿಸಿಒಎಸ್ ಎಂಬ ಹಾರ್ಮೋನ್ ಏರುಪೇರಿನ ತೊಂದರೆ ಇದ್ದರೆ ಅಂಡ ಬಿಡುಗಡೆಯೇ ಕ್ರಮ ತಪ್ಪುತ್ತದೆ. ಇದಕ್ಕೆ ಎಷ್ಟೋ ಸಲ ಮಾತ್ರೆಗಳೇ ಸಾಕು. ನಮ್ಮ ದೇಶದಲ್ಲಿ ವಿಶೇಷವಾಗಿ ಹೇಳಬೇಕಾದ ಕಾರಣ ಕ್ಷಯ. ಶ್ವಾಸಕೋಶದಲ್ಲಿ ಕೆಮ್ಮಿನ ಸುಳಿವೂ ಇಲ್ಲದೆ ಟಿ.ಬಿ. ರೋಗಾಣು ಅಂಡನಾಳಗಳಲ್ಲಿ ನೆಲೆಸಿ ಎರಡೂ ಬದಿ ಮುಚ್ಚಿಬಿಡಬಹುದು, ಗರ್ಭಕೋಶದ ಒಳಪದರವನ್ನೂ ಹಾಳುಮಾಡಬಹುದು. ಗಂಡಸರಲ್ಲಿ ವೃಷಣದ ರಕ್ತನಾಳಗಳು ಉಬ್ಬುವ ವೆರಿಕೊಸೀಲ್, ಹಾರ್ಮೋನ್ ಕೊರತೆ, ನಾಳ ಮುಚ್ಚಿರುವುದು, ವೈ ವರ್ಣತಂತುವಿನ ಸಣ್ಣ ತುಂಡುಗಳು ಕಾಣೆಯಾಗಿರುವುದು. ಇವುಗಳಲ್ಲಿ ಕೆಲವಕ್ಕೆ ಚಿಕಿತ್ಸೆ ಇದೆ. ಪರೀಕ್ಷೆಯನ್ನೇ ಮಾಡಿಸದೆ ಹೆಂಡತಿ ವರ್ಷಗಟ್ಟಲೆ ಹಾರ್ಮೋನ್ ಮಾತ್ರೆ ನುಂಗುತ್ತಾ, ನಾಗರಕಲ್ಲಿಗೆ ಹಾಲೆರೆಯುತ್ತಾ, ಅಶ್ವತ್ಥಕಟ್ಟೆ ಸುತ್ತುತ್ತಾ ಇದ್ದರೆ ಕಳೆದುಹೋಗುವುದು ಆಕೆಯ ಅಂಡಾಣುಗಳ ಒಳ್ಳೆಯ ವರ್ಷಗಳು. ಹರಕೆ ಹೊರುವವರ ನಂಬಿಕೆಯ ಮೇಲೆ ನನ್ನ ತಕರಾರಿಲ್ಲ. ಪ್ರದಕ್ಷಿಣೆ ಹಾಕುವ ಅದೇ ತಿಂಗಳಲ್ಲಿ ಗಂಡನೂ ಲ್ಯಾಬಿಗೆ ಹೋಗಿಬರಲಿ. ಸಂತಾನಶಕ್ತಿ ಹರಣ ಚಿಕಿತ್ಸೆಯಲ್ಲೂ ಇದೇ ಚಾಳಿ ಕಾಣುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ವಿವಾಹಿತ ಹೆಂಗಸರಲ್ಲಿ ತಾವೇ ಆಪರೇಷನ್ ಮಾಡಿಸಿಕೊಂಡವರು 37.9 ಶೇಕಡಾ, ಗಂಡ ಮಾಡಿಸಿಕೊಂಡದ್ದು 0.3 ಶೇಕಡಾ. ಮಗು ಬೇಕಾದಾಗಲೂ ಬೇಡವಾದಾಗಲೂ ಮೇಜಿನ ಮೇಲೆ ಮಲಗುವವಳು ಆಕೆಯೇ.

ಇನ್ನು ಪ್ರಯೋಗಾಲಯದ ಫಲೀಕರಣ. 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಳು. ರಾಬರ್ಟ್ ಎಡ್ವರ್ಡ್ಸ್, ಪ್ಯಾಟ್ರಿಕ್ ಸ್ಟೆಪ್ಟೊ, ಜೀನ್ ಪರ್ಡಿ ಮೂವರ ದುಡಿಮೆ ಅದು. 2010ರಲ್ಲಿ ನೊಬೆಲ್ ಬಂದಾಗ ಬದುಕಿದ್ದವರು ಎಡ್ವರ್ಡ್ಸ್ ಒಬ್ಬರೇ. ಅದೇ 1978ರ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ದುರ್ಗಾ ಎಂದು ಹೆಸರಾದ ಮಗು ಹುಟ್ಟಿತು. ಡಾ. ಸುಭಾಷ್ ಮುಖರ್ಜಿ ಹಾರ್ಮೋನ್ ಕೊಟ್ಟು ಹಲವು ಅಂಡಾಣು ಬೆಳೆಸಿ, ಭ್ರೂಣವನ್ನು ಘನೀಕರಿಸಿಟ್ಟು ಬೇರೊಂದು ಚಕ್ರದಲ್ಲಿ ಗರ್ಭಕೋಶಕ್ಕೆ ಸೇರಿಸಿದ್ದರು. ಇಂದು ಎಲ್ಲ ಕೇಂದ್ರಗಳಲ್ಲೂ ನಡೆಯುವ ಕ್ರಮವದು, ಇಂಗ್ಲೆಂಡಿನ ತಂಡ ಆಗ ಅದನ್ನು ಬಳಸಿರಲಿಲ್ಲ. ಪಶ್ಚಿಮ ಬಂಗಾಳ ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. ಅವರನ್ನು ಕಣ್ಣಿನ ವಿಭಾಗಕ್ಕೆ ವರ್ಗ ಮಾಡಿದರು. 1981ರ ಜೂನ್‌ನಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು.

1986ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದೂಜಾ ಅವರೊಂದಿಗೆ ಸೇರಿ ದೇಶದ ‘ಮೊದಲ’ ಪ್ರನಾಳ ಶಿಶುವಿನ ಸಾಧನೆ ಮಾಡಿದ ವಿಜ್ಞಾನಿ ಟಿ.ಸಿ. ಆನಂದ್ ಕುಮಾರ್. ಮುಂದೆ ಬೆಂಗಳೂರಿನಲ್ಲಿ ನೆಲೆಸಿ ಬಂಜೆತನ ಚಿಕಿತ್ಸಾ ಕೇಂದ್ರ ನಡೆಸಿದವರು. ಅವರು ಮುಖರ್ಜಿಯವರ ಕೈಬರಹದ ಟಿಪ್ಪಣಿಗಳನ್ನು ಓದಿ, ಮೊದಲಿಗ ತಾನಲ್ಲ, ಸುಭಾಷ್ ಮುಖರ್ಜಿ ಎಂದು 1997ರಲ್ಲಿ ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ತನ್ನ ಹೆಸರಿಗಿದ್ದ ಪಟ್ಟವನ್ನು ತಾನೇ ಇಳಿಸಿ ಸತ್ತವರಿಗೆ ಒಪ್ಪಿಸಿದ ಇಂಥ ವಿಜ್ಞಾನಿಯ ನೆನಪು ಕನ್ನಡದಲ್ಲಿ ಇನ್ನಷ್ಟು ಇರಬೇಕಿತ್ತು.

1992ರಲ್ಲಿ ಬ್ರಸೆಲ್ಸ್‌ನಲ್ಲಿ ಜಿಯಾನ್‌ಪಿಯೆರೊ ಪಲೆರ್ಮೊ ಮತ್ತು ಸಂಗಡಿಗರು ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಇಳಿಸಿ ಮಕ್ಕಳಾದುದನ್ನು ವರದಿ ಮಾಡಿದರು. ಇಕ್ಸಿ ಎಂದು ಕರೆಯುವ ಈ ವಿಧಾನ ವೀರ್ಯಾಣು ತೀರಾ ಕಡಿಮೆಯಿರುವ ಗಂಡಸರ ಪಾಲಿಗೆ ಬಾಗಿಲು ತೆರೆಯಿತು. ಆದರೆ ಈಗ ವೀರ್ಯ ಸರಿಯಿದ್ದವರಿಗೂ ಅದನ್ನೇ ಮಾಡುವುದು ರೂಢಿಯಾಗಿದೆ. ವಿಯೆಟ್ನಾಂನಲ್ಲಿ 1,064 ದಂಪತಿಗಳ ಮೇಲೆ ನಡೆಸಿ 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವೀರ್ಯದ ಸಂಖ್ಯೆ ಮತ್ತು ಚಲನೆ ಸರಿಯಿದ್ದಾಗ ಇಕ್ಸಿಯಿಂದ 35 ಶೇಕಡಾ, ಸಾಮಾನ್ಯ ಐವಿಎಫ್‌ನಿಂದ 31 ಶೇಕಡಾ ಮಕ್ಕಳಾದವು. ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಅದು ವ್ಯತ್ಯಾಸವೇ ಅಲ್ಲ. ಸೂಜಿ ಪೊರೆಯನ್ನು ದಾಟಿಸಬಲ್ಲದು, ಅಂಡಾಣುವಿನ ವಯಸ್ಸನ್ನು ತಿದ್ದಲಾರದು. 40 ದಾಟಿದ ಮೇಲೆ ಭ್ರೂಣಗಳಲ್ಲಿ ಅರ್ಧಕ್ಕೂ ಹೆಚ್ಚು ವರ್ಣತಂತು ದೋಷದವು. ಜಾಹೀರಾತು ಫಲಕಗಳಲ್ಲಿ ನಗುವ ಮಗುವಿನ ಪಕ್ಕ ದೊಡ್ಡ ಶೇಕಡಾ ಅಂಕಿ ಹಾಕಿರುವಾಗ ಅದು ಯಾವ ವಯಸ್ಸಿನವರದು, ಕಿಟ್‌ನಲ್ಲಿ ಗೆರೆ ಬಂದವರದೋ ಮಗುವನ್ನು ಎತ್ತಿಕೊಂಡು ಮನೆಗೆ ಹೋದವರದೋ ಎಂದು ಬರೆದಿರುವುದಿಲ್ಲ.

2022ರ ಜನವರಿಯಿಂದ ಜಾರಿಯಲ್ಲಿರುವ 2021ರ ಸಂತಾನೋತ್ಪತ್ತಿ ನೆರವು ತಂತ್ರಜ್ಞಾನ ಕಾಯ್ದೆ ಈ ವಿಷಯದಲ್ಲಿ ದಂಪತಿಯ ಪರವಾಗಿದೆ. ಚಿಕಿತ್ಸೆಯ ಯಶಸ್ಸಿನ ಸಾಧ್ಯತೆ, ಖರ್ಚು, ಅಡ್ಡಪರಿಣಾಮ, ಅವಳಿ-ತ್ರಿವಳಿಯಾಗುವ ಅಪಾಯ ಎಲ್ಲವನ್ನೂ ವಿವರಿಸಿ ಹೇಳುವುದು ಕೇಂದ್ರದ ಕರ್ತವ್ಯ ಎಂದು ಅದು ಬರೆದಿದೆ. ಹೆಂಗಸಿಗೆ 21ರಿಂದ 50, ಗಂಡಸಿಗೆ 21ರಿಂದ 55ರ ವಯೋಮಿತಿ ಇದೆ. ಅಂಡಾಣು ದಾನಿ ಬಾಳಿನಲ್ಲಿ ಒಮ್ಮೆ ಮಾತ್ರ ದಾನ ಮಾಡಬಹುದು, ಆಕೆಯಿಂದ ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ಗಂಡೋ ಹೆಣ್ಣೋ ಎಂದು ಆರಿಸಿ ಕೊಡುವುದು ಅಪರಾಧ. ಕಾಯ್ದೆ ಕೈಹಾಕದ ದೊಡ್ಡ ಸಮಸ್ಯೆ ಹಣ. ಬಹುತೇಕ ಆರೋಗ್ಯ ವಿಮೆಗಳು ಬಂಜೆತನ ಚಿಕಿತ್ಸೆಯನ್ನು ಹೊರಗಿಟ್ಟಿವೆ. ಒಂದು ಸುತ್ತಿಗೆ ಲಕ್ಷದ ಮೇಲೆ ಖರ್ಚು, ಒಂದೇ ಸುತ್ತಿಗೆ ಫಲ ಸಿಗುವ ಖಾತ್ರಿಯಿಲ್ಲ. ಜಮೀನು ಅಡವಿಟ್ಟು, ಒಡವೆ ಮಾರಿ ಬರುವವರಿದ್ದಾರೆ. ನೆರೆಯ ಗೋವಾ 2023ರಲ್ಲಿ ತನ್ನ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಉಚಿತ ಐವಿಎಫ್ ಆರಂಭಿಸಿತು. 2019-21ರ ಸಮೀಕ್ಷೆಯಲ್ಲೇ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳಿದ್ದ ಕರ್ನಾಟಕದಲ್ಲಿ, ಮಗು ಬೇಕೆಂದೂ ಪಡೆಯಲಾಗದವರ ಚಿಕಿತ್ಸೆ ಜಿಲ್ಲಾ ಆಸ್ಪತ್ರೆಗಳ ಕೆಲಸವೂ ಆಗಬೇಕು ಎಂದು ಕೇಳುವ ಕಾಲ ಬಂದಿದೆ.

ಅಲ್ಲಿಯವರೆಗೆ ಮನೆಯಲ್ಲೇ ಆಗಬಹುದಾದ ಒಂದು ಬದಲಾವಣೆ ಇದೆ. ಮೊದಲ ಭೇಟಿಗೆ ಇಬ್ಬರೂ ಒಟ್ಟಿಗೆ ಹೋಗಿ, ಮೊದಲ ವಾರದಲ್ಲೇ ಗಂಡನ ವೀರ್ಯ ಪರೀಕ್ಷೆ ಮಾಡಿಸುವುದು. ಎರಡರಿಂದ ಏಳು ದಿನ ಸಂಭೋಗ ಅಥವಾ ಸ್ಖಲನ ಇಲ್ಲದೆ ಮಾದರಿ ಕೊಡಬೇಕು, ತಡಮಾಡದೆ ಲ್ಯಾಬಿಗೆ ಸೇರಬೇಕು, ಮೈಶಾಖದ ಆಸುಪಾಸಿನಲ್ಲೇ ಇರಬೇಕು. ಒಂದು ವರದಿ ಕೆಟ್ಟದಾಗಿ ಬಂದರೆ ಅಷ್ಟಕ್ಕೇ ಎದೆಗುಂದುವುದು ಬೇಡ. ವೀರ್ಯಾಣು ಹೊಸದಾಗಿ ತಯಾರಾಗಲು ಎರಡೂವರೆ ತಿಂಗಳು ಬೇಕಾದ್ದರಿಂದ, ಜ್ವರವೋ ಔಷಧಿಯೋ ಕಾರಣವಾಗಿದ್ದರೆ ಮೂರು ತಿಂಗಳು ಬಿಟ್ಟು ಮಾಡಿಸಿದ ಎರಡನೆಯ ವರದಿ ಬೇರೆಯೇ ಇರಬಹುದು. ಎರಡೂ ಸಲ ಸೊನ್ನೆ ಬಂದರೆ ಮುಂದೆ ಮೂತ್ರಾಂಗ ಮತ್ತು ಪುರುಷ ಜನನಾಂಗ ತಜ್ಞರನ್ನು ಕಾಣಬೇಕು. ನಾಳ ಮುಚ್ಚಿ ಸೊನ್ನೆಯಾದವರಲ್ಲಿ ವೃಷಣದಿಂದಲೇ ಸೂಜಿಯಲ್ಲಿ ವೀರ್ಯಾಣು ತೆಗೆದು ಇಕ್ಸಿ ಮಾಡಬಹುದು. ಇಕ್ಸಿ ನಿಜವಾಗಿ ಬೇಕಾದದ್ದು ಇಂಥವರಿಗೆ.